ವರದಿಯ ಕೊನೆಯ ಸಾಲು

ಮುಂಡರಗಿ, ಶಿರಹಟ್ಟಿ ಕಡೆಯಿಂದ ಗದಗಿಗೆ ಸ್ಕ್ಯಾನಿಂಗಿಗೆ ಬರುವವರು ಲಿವರ್ ತೋರಿಸಲೆಂದೇ ಬರುವುದು ಅಪರೂಪ. ಕಿಡ್ನಿ ಹರಳಿನ ಸೆಳೆತವೋ, ಪಿತ್ತಕೋಶದ ನೋವೋ ಅವರನ್ನು ಬಸ್ ಹತ್ತಿಸಿರುತ್ತದೆ. ಹರಳಿಲ್ಲವೆಂದು ನಿರಾಳವಾಗುವಷ್ಟರಲ್ಲಿ ವರದಿಯ ಕೊನೆಯಲ್ಲೊಂದು ಸಾಲು ಕಾಣುತ್ತದೆ: ಗ್ರೇಡ್ 1 ಫ್ಯಾಟಿ ಲಿವರ್. ‘ನಾ ಕುಡಿಯೂದೇ ಇಲ್ರಿ’ ಎನ್ನುವ ಮಾತು ಕೂಡಲೇ ಬರುತ್ತದೆ. ಅದನ್ನು ನಂಬಬೇಕು. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡ್ ಇದ್ದರೆ ಹನಿ ಮದ್ಯ ಸೋಕದವರ ಲಿವರಿನಲ್ಲೂ ಕೊಬ್ಬು ಕೂಡುತ್ತದೆ.

ಸೂಜಿಯಿಲ್ಲ, ವಿಕಿರಣವಿಲ್ಲ, ಹೊಟ್ಟೆಗೆ ತಂಪು ಜೆಲ್ ಹಚ್ಚಿ ಶಬ್ದದ ಅಲೆ ಹಾಯಿಸುತ್ತಾರೆ. ಆರೋಗ್ಯವಂತ ಲಿವರ್ ಪರದೆಯ ಮೇಲೆ ಪಕ್ಕದ ಬಲ ಕಿಡ್ನಿಯಷ್ಟೇ, ಇಲ್ಲವೇ ತುಸು ಹೆಚ್ಚು ಬೆಳ್ಳಗೆ ಕಾಣುತ್ತದೆ. ಕೊಬ್ಬು ತುಂಬಿದರೆ ಎದ್ದು ಕಾಣುವಷ್ಟು ಬೆಳಗುತ್ತದೆ. ಕೊಬ್ಬು ಹೆಚ್ಚಿದಂತೆ ರಕ್ತನಾಳಗಳ ಅಂಚು ಮಸುಕಾಗುತ್ತದೆ. ಗ್ರೇಡ್ 3ರಲ್ಲಿ ಹಿಂದಿನ ವಪೆಯೂ ಸರಿಯಾಗಿ ಕಾಣದು. ಗ್ರೇಡ್ ಎಂದರೆ ಇಷ್ಟೇ, ಕಣ್ಣಳತೆ. ಕೊಬ್ಬು ಶೇ 20ಕ್ಕಿಂತ ಕಡಿಮೆಯಿದ್ದರೆ ಎಷ್ಟೋ ಸಲ ಈ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಲಿವರಿಗೆ ನಿಜವಾದ ಅಪಾಯ ಕೊಬ್ಬಿಗಿಂತ ಹೆಚ್ಚಾಗಿ ಅದರ ಹಿಂದೆಯೇ ಬರಬಹುದಾದ ಗಡಸುತನದಲ್ಲಿದೆ. ಸಿರೋಸಿಸ್ ಕಡೆಗಿನ ದಾರಿ ಅದು. ಮಾಮೂಲಿ ಸ್ಕ್ಯಾನಿಗೆ ಆ ಗಡಸು ಆರಂಭದಲ್ಲಿ ಗೊತ್ತಾಗದು. ಹೀಗಾಗಿ ಗ್ರೇಡ್ 1 ಎಂದು ಓದಿ ವರದಿಯನ್ನು ಟ್ರಂಕಿಗೆ ಹಾಕುವುದೂ ತಪ್ಪು, ಗ್ರೇಡ್ 2 ಎಂದು ಊಟ ಬಿಟ್ಟು ಕೂರುವುದೂ ತಪ್ಪು. ಗಡಸನ್ನು ಅಳೆಯಲು ಎಲಾಸ್ಟೋಗ್ರಫಿ ಇದೆ. ಬೆಟಗೇರಿಯ ಮಗ್ಗದಲ್ಲಿ ಬಿಗಿದ ಹಾಸಿನ ಎಳೆ ಮೀಟಿದರೆ ಕಂಪನ ಸರ್ರನೆ ಓಡುವಂತೆ, ಗಡಸಾದ ಲಿವರಿನಲ್ಲಿ ಅಲೆ ವೇಗವಾಗಿ ಸಾಗುತ್ತದೆ. ಯಂತ್ರ ಆ ವೇಗವನ್ನು ಲೆಕ್ಕ ಹಾಕುತ್ತದೆ.

ಆ ಯಂತ್ರ ಎಲ್ಲ ಊರಲ್ಲೂ ಸಿಗುವುದಿಲ್ಲ. ಅದಕ್ಕೂ ಮೊದಲು ಮಾಡಬಹುದಾದ ಅಗ್ಗದ ಲೆಕ್ಕವೊಂದಿದೆ, ಎಫ್‌ಐಬಿ-4. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ ಗೊತ್ತಿದ್ದರೆ ಸಾಕು. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಬಹಳ ಗಡಸಾಗಿರುವ ಸಂಭವ ಕಡಿಮೆ. ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು. 35ಕ್ಕಿಂತ ಚಿಕ್ಕವರಲ್ಲಿ, 65 ದಾಟಿದವರಲ್ಲಿ ಈ ಲೆಕ್ಕವನ್ನು ಪೂರ್ತಿ ನಂಬಲಾಗದು. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಡೆಯ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿದೆ. ಆದರೂ ನಮ್ಮ ರೋಗಿಗಳು ಕೇಳುವುದು ‘ಗ್ರೇಡ್ ಎಷ್ಟು’ ಎಂದು ಮಾತ್ರ, ಇದೇ ನನಗಿರುವ ಕಳವಳ.

ತೂಕ ಹೆಚ್ಚಿರುವವರು ಅದರಲ್ಲಿ ಶೇ 7ರಿಂದ 10ರಷ್ಟು ಇಳಿಸಿದರೆ ಕೊಬ್ಬೂ ಉರಿಯೂತವೂ ತಗ್ಗುತ್ತವೆ. 70 ಕಿಲೊ ತೂಗುವವರಿಗೆ ಅದು 5ರಿಂದ 7 ಕಿಲೊ. ಜೋಳದ ರೊಟ್ಟಿ, ಕಾಳಿನ ಪಲ್ಯ ಬಿಡಬೇಕಿಲ್ಲ. ಬಿಡಬೇಕಾದದ್ದು ದಿನಾ ಸಂಜೆಯ ಮಿರ್ಚಿ, ಸಿಹಿ ಸೋಡಾ. ಜೊತೆಗೆ ವೈದ್ಯರನ್ನು ಇನ್ನೊಂದು ಮಾತು ಕೇಳಿರಿ: ‘ನನ್ನ ಎಫ್‌ಐಬಿ-4 ಎಷ್ಟು ಬರತೈತ್ರಿ?’