ಬೊಂಬೆಯ ವಿಮಾನವೂ ಚಿತ್ರತುರಗವೂ

ಮಹಾಯುದ್ಧದಲ್ಲಿ ಹೋರಾಡಿದ ವಿಮಾನಗಳ ಪ್ರತಿಕೃತಿಗಳನ್ನು ಜೋಡಿಸಿ, ಬಣ್ಣ ಬಳಿದು, ಗಾಜಿನ ಬೀರುವಿನಲ್ಲಿ ಸಾಲಾಗಿ ಇರಿಸಿಕೊಳ್ಳುವ ವಿನೋದವು ಇಂಗ್ಲೆಂಡು, ಜಪಾನು ಮೊದಲಾದ ದೇಶಗಳಲ್ಲಿ ಅನೇಕ ಗೃಹಸ್ಥರಿಗೆ ಉಂಟು. ಹುಡುಗರ ಆಟವೆಂದು ಇದನ್ನು ತಳ್ಳಿಹಾಕಲಾಗದು. ನರೆತ ತಲೆಯವರೂ ಇದರಲ್ಲಿ ಮಗ್ನರಾಗಿರುವರು. ಕೊಲ್ಲುವುದಕ್ಕೆಂದೇ ನಿರ್ಮಿತವಾದ ಯಂತ್ರದ ರೂಪದಲ್ಲಿ ಸಂತೋಷಪಡುವುದು ಸಾಧುವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಲಂಕಾರಶಾಸ್ತ್ರಜ್ಞರು ಇದಕ್ಕೆ ಸಮೀಪವಾದ ವಿಷಯವೊಂದನ್ನು ಬಹು ಹಿಂದೆಯೇ ವಿಮರ್ಶಿಸಿರುವರು. ಶ್ರೀಶಂಕುಕನ ಚಿತ್ರತುರಗನ್ಯಾಯವು ಪ್ರಸಿದ್ಧವಾದುದು. ಚಿತ್ರದ ಕುದುರೆಯನ್ನು ಕಂಡವನು ಅದನ್ನು ಕುದುರೆಯೆಂದೇ ಹೇಳುವನು. ಆ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಬೀರುವಿನೊಳಗಿನ ಸ್ಪಿಟ್‌ಫೈರನ್ನು ಕಂಡವನೂ ಹಾಗೆಯೇ ಅದನ್ನು ಸ್ಪಿಟ್‌ಫೈರೆನ್ನುವನು, ಹೆದರಿ ಓಡುವುದಿಲ್ಲ. ಆದಕಾರಣ ಇಲ್ಲಿಯ ಆನಂದವು ರೂಪಕ್ಕೆ ಸೇರಿದ್ದು, ಹಿಂಸೆಗಲ್ಲವೆಂದು ಸಂಗ್ರಾಹಕರ ಪಕ್ಷದಿಂದ ವಾದಿಸಬಹುದು. ಮಿಚೆಲ್ಲನು ಕಲ್ಪಿಸಿದ, 1936ರಲ್ಲಿ ಮೊದಲು ಹಾರಿದ ಆ ವಿಮಾನದ ರೆಕ್ಕೆಯ ಅಂಡಾಕೃತಿಯು ಸುಂದರವೆಂಬುದನ್ನು ಅಲ್ಲಗಳೆಯುವವರಾರು?

ಆದರೆ ವಾದವು ಇಷ್ಟಕ್ಕೇ ನಿಲ್ಲತಕ್ಕದ್ದಲ್ಲ. ರಂಗದ ಮೇಲಿನ ಶೋಕವು ರಸವಾಗುವುದು ಶೋಕವನ್ನು ಕಳೆದಲ್ಲ, ಒಳಗೊಂಡು. ಸಾವನ್ನು ಕಳೆದು ರೂಪವನ್ನಷ್ಟೇ ಉಳಿಸಿಕೊಂಡದ್ದು ಬರಿಯ ಬೆಡಗಾದೀತು.

ಇಲ್ಲಿಯೇ ಪ್ರಮಾಣದ ಮಾತು ಮುಖ್ಯವಾಗುವುದು. 1950ರ ದಶಕದಲ್ಲಿ ಏರ್‌ಫಿಕ್ಸ್ ಸಂಸ್ಥೆಯವರು ಹೊರತಂದ ಸ್ಪಿಟ್‌ಫೈರು ನಿಜವಿಮಾನದ 72ರಲ್ಲೊಂದು ಪಾಲಿನದು. 36 ಅಡಿ 10 ಅಂಗುಲದ ರೆಕ್ಕೆಯ ಹರವು ಅದರಲ್ಲಿ 6 ಅಂಗುಲಕ್ಕಿಳಿದು, ವೈಮಾನಿಕನ ಪೀಠವು ಕಡಲೆಕಾಳಿನಷ್ಟಾಗುವುದು. ಅದೇ ಸಂಸ್ಥೆಯವರು 1970ರಲ್ಲಿ ತಂದ 24ರಲ್ಲೊಂದು ಪಾಲಿನದರಲ್ಲಿ ಹರವು 18 ಅಂಗುಲಕ್ಕೂ ಮಿಗಿಲು. ಪೀಠವೂ ಎಂಜಿನೂ ಕಣ್ಣಿಗೆ ಸ್ಪಷ್ಟವಾಗಿ ಬೀಳುವುವು. ಇಷ್ಟು ದೊಡ್ಡದನ್ನು ನೈಜವಾಗಿ ಜೋಡಿಸಬೇಕೆನ್ನುವವನು ವಿಮಾನದ ಒಳರಚನೆಯನ್ನು ಓದಿ ತಿಳಿಯಲೇಬೇಕು. ಸುಮಾರು 85 ಗ್ಯಾಲನ್ ಪೆಟ್ರೋಲಿನ ತೊಟ್ಟಿಗಳು ವೈಮಾನಿಕನ ಎದುರಿಗೇ ಇದ್ದುವೆಂದು ಆಗ ಅವನಿಗೆ ಗೊತ್ತಾಗುವುದು. ಗುಂಡು ತಾಕಿ ಅವು ಹೊತ್ತಿಕೊಂಡರೆ ಉರಿಯು ಮೊದಲು ಮುಟ್ಟುತ್ತಿದ್ದುದು ಮುಖವನ್ನು ಮತ್ತು ಕೈಗಳನ್ನು. ಹೀಗೆ ಬೆಂದ ತರುಣರಿಗೆ ಈಸ್ಟ್ ಗ್ರಿನ್‌ಸ್ಟೆಡ್ಡಿನ ಆಸ್ಪತ್ರೆಯಲ್ಲಿ ಮೆಕಿಂಡೋ ಎಂಬ ಶಸ್ತ್ರವೈದ್ಯನು ಹೊಸ ರೆಪ್ಪೆ, ಹೊಸ ಮೂಗುಗಳನ್ನು ಕಟ್ಟಿಕೊಟ್ಟನು. 1941ರಲ್ಲಿ ಅವರು ಕೂಟವೊಂದನ್ನು ಮಾಡಿಕೊಂಡು, ಪ್ರಯೋಗದ ಪ್ರಾಣಿಯ ಹೆಸರನ್ನೇ ಹಿಡಿದು ಅದನ್ನು ಗಿನಿಪಿಗ್ ಕ್ಲಬ್ ಎಂದು ಕರೆದರು. ಕಡಲೆಕಾಳಿನ ಪೀಠವು ಇದಾವುದನ್ನೂ ನೆನಪಿಗೆ ತರಲಾರದು.

ಕೆಲವು ವಿಮಾನಗಳ ಪಕ್ಕದಲ್ಲಿ, ಕೆಡವಿದ ಶತ್ರುವಿಮಾನಗಳ ಲೆಕ್ಕಕ್ಕೆ ಸಣ್ಣ ಗುರುತುಗಳನ್ನು ಬರೆಯುತ್ತಿದ್ದರು. ಪ್ರತಿಕೃತಿಯಲ್ಲಿ ಅವನ್ನು ಬಿಟ್ಟುಬಿಡುವುದು ದಯೆಯೆಂದು ತೋರಬಹುದು, ವಸ್ತುತಃ ಅಲ್ಲ. ರಿವೆಟ್ಟುಗಳನ್ನು ಎಣಿಸಿ ಕೂರಿಸಿದವನು ಮನುಷ್ಯರನ್ನು ಎಣಿಕೆಯಿಂದ ಬಿಡುವುದು ಯಾವ ನ್ಯಾಯ? ಜರ್ಮನಿಯಲ್ಲಿ ನಾಜಿಗಳ ಸ್ವಸ್ತಿಕವನ್ನು ಮಾರುವ ಪೆಟ್ಟಿಗೆಯ ಮೇಲೆ ತೋರಿಸಗೊಡುವುದಿಲ್ಲವೆಂಬ ಮಾತು ಬೇರೆ. ಆ ಶಾಸನದ ಲಕ್ಷ್ಯವು ಇನ್ನೂ ಆರದ ದ್ವೇಷ, ಬೀರುವಿನ ಸತ್ಯಾಸತ್ಯವಲ್ಲ.

ದೊಡ್ಡ ಪ್ರತಿಕೃತಿಗಳ ಕೆಲವು ಪೆಟ್ಟಿಗೆಗಳಲ್ಲಿ ವೈಮಾನಿಕನ ಬೊಂಬೆಯೂ ಬರುವುದುಂಟು. ಅದನ್ನು ಕೂರಿಸಿದರೆ ಪೀಠದ ಕುಸುರಿಕೆಲಸವು ಮರೆಯಾಗುವುದೆಂದು ಹಲವರು ಕೂರಿಸುವುದಿಲ್ಲ. ಮೈಗೆ ಬಿಗಿಯುವ ಪಟ್ಟಿಗಳನ್ನು ಮಾತ್ರ, ಈಗತಾನೆ ಯಾರೋ ಎದ್ದುಹೋದಂತೆ, ಬರಿದಾದ ಪೀಠದ ಮೇಲೆ ಸಡಿಲವಾಗಿ ಇಳಿಬಿಡುವರು.