ಕಲಿತದ್ದು ವ್ಯರ್ಥವಾಯಿತೇ?

ನಿಮ್ಮ ಮಗ ಮೂರು ವರ್ಷ ಬಿ.ಕಾಂ., ಎರಡು ವರ್ಷ ಎಂ.ಬಿ.ಎ. ಓದಿ ಮುಗಿಸಿದ್ದಾನೆಂದು ಭಾವಿಸಿಕೊಳ್ಳಿ. ಶುಲ್ಕಕ್ಕಾಗಿ ತಾಯಿಯ ಬಳೆಗಳು ಹೋಗಿವೆ. ದಮ್ಮಾಮಿನಲ್ಲಿರುವ ಸೋದರಮಾವ ಎರಡು ಕಂತುಗಳಲ್ಲಿ ಹಣ ಕಳುಹಿಸಿದ್ದಾರೆ. ಫಲಿತಾಂಶ ಬಂದಿದೆ, ನೆರೆಮನೆಗಳಿಗೆ ಸಿಹಿ ಹಂಚಿಯೂ ಆಗಿದೆ. ಆ ಬಳಿಕ ಒಂದು ರಾತ್ರಿ ಅವನು ನಿಮ್ಮೆದುರು ಕುಳಿತು, ತನಗೆ ಮಾರಾಟದ ಕೆಲಸ ಬೇಡ, ಬ್ಯಾಂಕೂ ಬೇಡ, ಪ್ರೋಗ್ರಾಮಿಂಗ್ ಕಲಿತು ಮೊದಲ ಮೆಟ್ಟಿಲಿನಿಂದ ದುಡಿಮೆ ಆರಂಭಿಸುತ್ತೇನೆ ಎನ್ನುತ್ತಾನೆ. ಮಗನ ಬದಲು ಮಗಳೆಂದು ಓದಿಕೊಂಡರೂ ಆದೀತು. ಆಗ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು?

ಹೆಚ್ಚಿನ ಮನೆಗಳಲ್ಲಿ ಆ ಮಾತು ಒಂದೇ: ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು!

ಇದು ಸಣ್ಣ ಆರೋಪವಲ್ಲ. ದುಂದುವೆಚ್ಚವನ್ನು ನಮ್ಮ ಧರ್ಮ ಕೇವಲ ಬುದ್ಧಿಗೇಡಿತನವೆಂದು ಬಿಟ್ಟಿಲ್ಲ, ಪಾಪವೆಂದು ಕಂಡಿದೆ. ಆದುದರಿಂದ ಕಲಿತ ವಿದ್ಯೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ದಾರಿ ಹಿಡಿಯುವುದು ನಿಜವಾಗಿಯೂ ದುಂದುವೆಚ್ಚವೇ ಎಂಬುದನ್ನು ನಾವು ತಾಳ್ಮೆಯಿಂದ ನೋಡಬೇಕಾಗಿದೆ.

ಮೊದಲು ಹಣದ ಲೆಕ್ಕ. ಖರ್ಚಾದ ಹಣ ಖರ್ಚಾಗಿದೆ. ಮಗ ಮಾರಾಟ ವಿಭಾಗಕ್ಕೆ ಸೇರಿದರೂ ಅದು ಮರಳುವುದಿಲ್ಲ, ಕಂಪ್ಯೂಟರಿನ ಮುಂದೆ ಕುಳಿತರೂ ಮರಳುವುದಿಲ್ಲ. ಹೀಗೆ ಮರಳಿ ಬಾರದ ವೆಚ್ಚವನ್ನು ಮುಂದಿನ ನಿರ್ಧಾರದ ತಕ್ಕಡಿಯಲ್ಲಿ ತೂಗಬಾರದೆಂದು ಎಂ.ಬಿ.ಎ. ತರಗತಿಯಲ್ಲೇ ಕಲಿಸುತ್ತಾರೆ. ಮಗ ಆ ಪಾಠವನ್ನು ಚೆನ್ನಾಗಿ ಕಲಿತಿದ್ದಾನೆಂದು ತಂದೆ ಸಂತೋಷಪಡಬಹುದು! ತೂಗಬೇಕಾದುದು ಮುಂದಿನ ಮೂವತ್ತು ವರ್ಷಗಳನ್ನು. ಮನಸ್ಸಿಲ್ಲದ ಕೆಲಸದಲ್ಲಿ ಅಷ್ಟು ವರ್ಷ ಕಳೆಯುವುದು ಕೂಡಾ ಒಂದು ಖರ್ಚೇ. ಅದನ್ನು ಯಾವ ಚಿನ್ನದಂಗಡಿಯವನೂ ತೂಗಿ ಹೇಳಲಾರ.

ಇನ್ನು ವಿದ್ಯೆಯ ಲೆಕ್ಕ. ಅದು ಹಣದಂತೆ ಕೈಬಿಟ್ಟು ಹೋಗುವ ವಸ್ತುವಲ್ಲ. ಇಲ್ಲಿ ಡಾನ್ ಬ್ರಿಕ್ಲಿನ್ ಎಂಬಾತನ ಕಥೆ ಉಪಯುಕ್ತವಾಗಿದೆ. ಆತ 1978ರಲ್ಲಿ ಅಮೇರಿಕಾದ ಹಾರ್ವರ್ಡ್ ಬಿಝಿನೆಸ್ ಸ್ಕೂಲಿನ ವಿದ್ಯಾರ್ಥಿ. ಲೆಕ್ಕಪತ್ರದ ಉದ್ದುದ್ದ ಕೋಷ್ಟಕಗಳಲ್ಲಿ ಒಂದು ಅಂಕೆ ತಪ್ಪಿದರೆ ಅಥವಾ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲ ಅಂಕೆಗಳನ್ನೂ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಒಂದನ್ನು ತಿದ್ದಿದರೆ ಉಳಿದವು ತಾವಾಗಿಯೇ ತಿದ್ದಿಕೊಳ್ಳುವಂತಿದ್ದರೆ ಎಷ್ಟು ಚೆನ್ನ ಎಂದು ತರಗತಿಯಲ್ಲಿ ಕುಳಿತೇ ಆತ ಯೋಚಿಸಿದ. ಪದವಿ ಪಡೆದ 1979ರಲ್ಲೇ ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ‘ವಿಸಿಕ್ಯಾಲ್ಕ್’ ಎಂಬ ಪ್ರೋಗ್ರಾಮನ್ನು ಹೊರತಂದ. ಇಂದು ನಿಮ್ಮ ಅಂಗಡಿಯ ಲೆಕ್ಕವನ್ನು, ಮಸೀದಿಯ ಜಮಾ ಖರ್ಚನ್ನು ಎಕ್ಸೆಲ್‌ನಲ್ಲಿ ಬರೆಯುತ್ತಿದ್ದೀರಿ ತಾನೇ? ಅದರ ಹಿರಿಯಜ್ಜ ಇದೇ ವಿಸಿಕ್ಯಾಲ್ಕ್. ಬರೇ ಪ್ರೋಗ್ರಾಮರ್ ಆಗಿದ್ದವನಿಗೆ ಕೋಷ್ಟಕ ಅಳಿಸುವವನ ಕಷ್ಟ ತಿಳಿಯುತ್ತಿರಲಿಲ್ಲ. ಬರೇ ವ್ಯಾಪಾರ ಕಲಿತವನಿಗೆ ಅದರ ಪರಿಹಾರ ಕಟ್ಟಲು ಬರುತ್ತಿರಲಿಲ್ಲ.

ಆದರೆ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಬ್ರಿಕ್ಲಿನ್ ಬಿಝಿನೆಸ್ ಸ್ಕೂಲಿಗೆ ಹೋಗುವ ಮೊದಲೇ ಎಂ.ಐ.ಟಿ.ಯಲ್ಲಿ ಕಲಿತು, ಪ್ರೋಗ್ರಾಮರ್ ಆಗಿ ದುಡಿದಿದ್ದವನು. ಬಿ.ಕಾಂ. ಓದಿದ ನಮ್ಮ ಹುಡುಗನ ಹಾದಿ ಅವನದಕ್ಕಿಂತ ಉದ್ದ. ಇಂತಹ ಕಥೆಗಳನ್ನು ಅರ್ಧ ಮಾತ್ರ ಹೇಳಿ ಯುವಕರನ್ನು ಹುರಿದುಂಬಿಸುವವರು ಬಹಳ ಮಂದಿ ಇದ್ದಾರೆ. ಆ ಪೈಕಿ ನಾವು ಸೇರುವುದು ಬೇಡ.

ನಮ್ಮದೇ ಇತಿಹಾಸದಲ್ಲಿ ಇನ್ನೊಂದು ನಿದರ್ಶನವಿದೆ. ಇಮಾಮ್ ಅಬೂ ಹನೀಫಾ(ರ) ಕೂಫಾ ನಗರದ ರೇಶ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದರು. ಮಾರುಕಟ್ಟೆಯಲ್ಲಿದ್ದ ಆ ಚುರುಕು ಯುವಕನನ್ನು ಕಂಡು ವಿದ್ವಾಂಸ ಶಅಬಿ(ರ)ಯವರು ಜ್ಞಾನಾರ್ಜನೆಯ ಕಡೆಗೆ ತಿರುಗಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಬಳಿಕ ಅವರು ಹಮ್ಮಾದ್(ರ) ಎಂಬ ಗುರುವಿನ ಬಳಿ ಸುಮಾರು 18 ವರ್ಷ ಶಿಷ್ಯರಾಗಿ ಕುಳಿತರು. ಹದಿನೆಂಟು ವರ್ಷ! ಸ್ವಂತ ವ್ಯಾಪಾರವಿದ್ದ, ಸಮಾಜದಲ್ಲಿ ಹೆಸರಿದ್ದ ಒಬ್ಬಾತ ಇನ್ನೊಬ್ಬರ ಮುಂದೆ ಕಲಿಯುವವನಾಗಿ ಅಷ್ಟು ಕಾಲ ಕುಳಿತನೆಂಬುದನ್ನು ಊಹಿಸಿರಿ. ಕ್ರಯ ವಿಕ್ರಯದ ಕುರಿತಾದ ಅವರ ತೀರ್ಪುಗಳಲ್ಲಿ ಮಾರುಕಟ್ಟೆಯನ್ನು ಕಣ್ಣಾರೆ ಕಂಡವನ ಸೂಕ್ಷ್ಮತೆ ಇದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ರೇಶ್ಮೆಯಂಗಡಿಯ ವರ್ಷಗಳು ವ್ಯರ್ಥವಾಗಲಿಲ್ಲ.

ಇಷ್ಟು ಹೇಳಿದೊಡನೆ ಯುವಕರು ಹಿಗ್ಗಬಾರದು. ತಂದೆಯ ದುಂದುವೆಚ್ಚದ ದೂರು ಬಿದ್ದುಹೋದರೂ ಸಾಲದ ಪ್ರಶ್ನೆ ಹಾಗೆಯೇ ಉಳಿದಿದೆ.

ಸಾಲದ ವಿಷಯದಲ್ಲಿ ಇಸ್ಲಾಮ್ ಎಷ್ಟು ಕಟ್ಟುನಿಟ್ಟು ಎಂಬುದು ನಿಮಗೆ ತಿಳಿದಿದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ನಮಾಝಿನ ಕುರಿತೋ ಉಪವಾಸದ ಕುರಿತೋ ಇರುವುದಲ್ಲ, ಸಾಲವನ್ನು ಬರೆದಿಡುವುದರ ಕುರಿತು ಇರುವುದಾಗಿದೆ. ಒಬ್ಬರ ಜನಾಝಾ ತಂದಾಗ ಪ್ರವಾದಿವರ್ಯರು(ಸ) ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸಿದರು. ಇದೆಯೆಂದು ತಿಳಿದಾಗ ತಾವು ನಮಾಝ್ ನಿರ್ವಹಿಸಲು ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಡೆಯಿತು. ಹೀಗಿರುವಾಗ, ಮಾವನ ಹಣದಿಂದ ಓದಿದವನು ‘ನನಗೆ ಇಷ್ಟವಾದುದನ್ನು ಮಾಡುತ್ತೇನೆ’ ಎಂದು ಇನ್ನೆರಡು ವರ್ಷ ಸಂಪಾದನೆಯಿಲ್ಲದೆ ಕುಳಿತರೆ, ಆ ಇಷ್ಟದ ಬೆಲೆಯನ್ನು ದಮ್ಮಾಮಿನ ಬಿಸಿಲಲ್ಲಿ ಬೇರೊಬ್ಬರು ತೆರುತ್ತಿರುತ್ತಾರೆ. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದವರ ಪಾಡು ಇನ್ನೂ ಬಿಗಿ. ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದ ಬಳಿಕ ಕಂತು ಆರಂಭವಾಗುತ್ತದೆ. ಬಡ್ಡಿಯಂತೂ ಅಲ್ಲಿಯ ತನಕ ಕಾಯುವುದಿಲ್ಲ. ಅದು ಮೊದಲೇ ಬೆಳೆಯಲಾರಂಭಿಸಿರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಪಡೆದ ಹಣ ಸಾಲ, ಅದನ್ನು ತೀರಿಸಲೇಬೇಕು. ‘ನನ್ನ ಮಗ ಮ್ಯಾನೇಜರ್’ ಎಂದು ನೆಂಟರಲ್ಲಿ ಹೇಳಿಕೊಳ್ಳುವ ತಂದೆಯ ಆಸೆ ಸಾಲವಲ್ಲ. ಅದಕ್ಕೆ ಮರ್ಯಾದೆ ಕೊಡಬೇಕು, ಕುಳಿತು ಮಾತನಾಡಬೇಕು, ಮೃದುವಾಗಿ ವಿವರಿಸಬೇಕು. ಆದರೆ ಅದನ್ನು ಜೀವಮಾನವಿಡೀ ತೀರಿಸುತ್ತಿರಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದರ ತಲೆಕೆಳಗು: ಆಸೆಯನ್ನು ಸಾಲವೆಂಬಂತೆ ವಸೂಲು ಮಾಡುತ್ತೇವೆ, ಮಾವನ ಸಾಲವನ್ನು ಮಾತ್ರ ಕಾಗದದಲ್ಲಿ ಬರೆದಿಡಲು ನಾಚಿಕೊಳ್ಳುತ್ತೇವೆ.

ಕರಾವಳಿಯ ಕುಟುಂಬಗಳಿಗೆ ಈ ಆಸೆಗೊಂದು ಹಿನ್ನೆಲೆಯೂ ಇದೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಲೆಕ್ಕಪತ್ರ ಕಲಿತವನಿಗೆ ಊರಲ್ಲೇ ಮರ್ಯಾದೆಯ ಕೆಲಸ ಎಂಬ ನಂಬಿಕೆ ಹೀಗೆ ಬೇರೂರಿತು. 2019 ಮತ್ತು 2020ರ ವಿಲೀನಗಳಲ್ಲಿ ಆ ನಾಲ್ಕರ ಪೈಕಿ ಮೂರು ಹೆಸರುಗಳು ಅಳಿಸಿಹೋದವು. ಭದ್ರವೆಂದು ನಾವು ಬಗೆದುದು ಎಷ್ಟು ಭದ್ರವೆಂಬುದಕ್ಕೆ ಇಷ್ಟು ಸಾಕು. ಬಡ್ಡಿಯ ವ್ಯವಹಾರದಲ್ಲಿ ಕೈಯಿಡಲು ಮನಸ್ಸೊಪ್ಪದೆ ದಾರಿ ಬದಲಿಸುವ ಯುವಕರೂ ಇದ್ದಾರೆ. ಅವರ ಭಾವನೆ ಗೌರವಾರ್ಹ. ಆದರೆ ತಾಂತ್ರಿಕ ಕೆಲಸವೆಂದ ಮಾತ್ರಕ್ಕೆ ಅದು ತಾನಾಗಿಯೇ ಶುದ್ಧವಾಗುವುದಿಲ್ಲ. ಬಡ್ಡಿಯ ಲೆಕ್ಕ ಹಾಕುವ ಪ್ರೋಗ್ರಾಮನ್ನು ಬರೆಯುವವನೂ ತಂತ್ರಜ್ಞನೇ ಅಲ್ಲವೇ? ಯಾರಿಗಾಗಿ, ಏನನ್ನು ಕಟ್ಟುತ್ತಿದ್ದೇನೆಂಬ ಪ್ರಶ್ನೆ ಹೊಸ ಕುರ್ಚಿಗೂ ಅವನನ್ನು ಹಿಂಬಾಲಿಸುತ್ತದೆ.

ಕಲಿಯುವ ದಾರಿಗಳಿಗೇನೂ ಇಂದು ಕೊರತೆಯಿಲ್ಲ. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ ಬಿ.ಕಾಂ. ಪದವೀಧರನಿಗೆ ಎಂ.ಸಿ.ಎ. ಇದೆ, ಮೊದಲು ಮೂರು ವರ್ಷವಿದ್ದ ಅದು 2020ರಿಂದ ಎರಡು ವರ್ಷದ್ದಾಗಿದೆ. ಮದ್ರಾಸ್ ಐ.ಐ.ಟಿ. 2020ರಲ್ಲಿ ಆರಂಭಿಸಿದ ಡಾಟಾ ಸೈನ್ಸ್ ಪದವಿಯನ್ನು ಮನೆಯಿಂದಲೇ ಓದಬಹುದು, ವಯಸ್ಸಿನ ಅಡ್ಡಿಯಿಲ್ಲ. ಐ.ಐ.ಟಿ.ಗಳ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಉಚಿತವಾಗಿ ಕೇಳಬಹುದು. ಹಗಲು ಸಿಕ್ಕಿದ ಕೆಲಸ ಮಾಡಿ ಸಾಲ ತೀರಿಸುತ್ತಾ, ಫಜ್ರ್ ಬಳಿಕ ಎರಡು ತಾಸು ಓದುವವನಿಗೆ ಇವು ದೊಡ್ಡ ಅನುಗ್ರಹ. ನನ್ನ ಅಭಿಪ್ರಾಯದಲ್ಲಿ ಸಾಲವಿರುವವನಿಗೆ ಇದೇ ದಾರಿ. ನಿಧಾನವಾದುದು, ಆದರೆ ಇನ್ನೊಬ್ಬರ ಹೆಗಲ ಮೇಲೆ ಸಾಗುವುದಲ್ಲ.

ನಿಜವಾದ ಪರೀಕ್ಷೆ ಬರುವುದು ಇದಾದ ಮೇಲೆ. ಮ್ಯಾನೇಜರ್ ಆಗಲು ತರಬೇತಾದವನು ಈಗ ತನಗಿಂತ ನಾಲ್ಕು ವರ್ಷ ಕಿರಿಯನಾದ ಇಂಜಿನಿಯರನಲ್ಲಿ ‘ಇದು ಹೇಗೆ?’ ಎಂದು ಕೇಳಬೇಕು. ಸಂಬಳವೂ ಕಡಿಮೆ. ಅರ್ಜಿ ಹಾಕಿದಲ್ಲೆಲ್ಲ ಅನುಭವ ಎಷ್ಟು ವರ್ಷ ಎಂದು ಕೇಳುತ್ತಾರೆ. ಆಗ ಒಬ್ಬ ಗೆಳೆಯ ಬಂದು, ಬೆಂಗಳೂರಿನಲ್ಲಿ ಹಣ ಕೊಟ್ಟರೆ ಎರಡು ವರ್ಷದ ಅನುಭವದ ಪ್ರಮಾಣ ಪತ್ರ, ಸಂಬಳದ ಚೀಟಿ ಎಲ್ಲವೂ ತಯಾರಾಗಿ ಸಿಗುತ್ತದೆ, ಎಲ್ಲರೂ ಮಾಡುವುದು ಹಾಗೆಯೇ ಎನ್ನುತ್ತಾನೆ. ಇಂತಹ ವ್ಯಾಪಾರ ಇದೆಯೆಂಬುದು ಗುಟ್ಟೇನಲ್ಲ. ಹರಾಮ್ ಮಾಂಸವನ್ನು ಮುಟ್ಟದ ಎಷ್ಟೋ ಮನೆಗಳಲ್ಲಿ ಈ ಕಾಗದದ ಬಗ್ಗೆ ಯಾರೂ ಚಕಾರವೆತ್ತುವುದಿಲ್ಲ. ಆ ಸುಳ್ಳಿನ ಮೇಲೆ ಪ್ರತಿ ತಿಂಗಳು ಬರುವ ಸಂಬಳ ಎಂತಹದೆಂದು ಕೇಳುವವರೂ ಇಲ್ಲ.

ಆತ ಪಡೆಯುವ ಕುರ್ಚಿ ನಿಜವಾಗಿ ಹೊಸಬನಾಗಿ ಅರ್ಜಿ ಹಾಕಿದ ಇನ್ನೊಬ್ಬನದು ಎಂಬುದು ಒಂದು ಮಾತು. ಅದಕ್ಕಿಂತ ಗಂಭೀರವಾದುದು, ಇನ್ನು ಮುಂದೆ ಆತ ‘ನನಗೆ ಗೊತ್ತಿಲ್ಲ’ ಎನ್ನಲಾರ. ಎರಡು ವರ್ಷದ ಅನುಭವವಿದ್ದವನು ಅಷ್ಟನ್ನೂ ತಿಳಿಯದಿರುವುದೆಂತು? ಆದುದರಿಂದ ಊಹೆಯಿಂದ ಕೆಲಸ ಮಾಡುತ್ತಾನೆ, ತಪ್ಪಾದರೆ ಮುಚ್ಚುತ್ತಾನೆ. ತಾಂತ್ರಿಕ ವೃತ್ತಿಯಲ್ಲಿ ಮುಚ್ಚಿಟ್ಟ ತಪ್ಪಿನ ಫಲ ಬೇರೆಲ್ಲೋ ಇರುವ, ಅವನ ಮುಖವನ್ನೇ ಕಾಣದ ಒಬ್ಬನ ತಲೆಗೆ ಬೀಳುತ್ತದೆ.

ಇದು ಬರೇ ಭಯ ಹುಟ್ಟಿಸುವ ಮಾತಲ್ಲ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ತನ್ನ ಶಾಖೆಗಳ ಲೆಕ್ಕಕ್ಕಾಗಿ ‘ಹೊರೈಝನ್’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. ಫುಜಿತ್ಸು ಕಂಪೆನಿ ಅದನ್ನು ಒದಗಿಸಿತ್ತು. ಊರೂರಿನ ಉಪ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ ಸಾಮಾನ್ಯ ಅಂಗಡಿಕಾರರ ಲೆಕ್ಕದಲ್ಲಿ ಒಮ್ಮಿಂದೊಮ್ಮೆಲೇ ಸಾವಿರಾರು ಪೌಂಡು ಕೊರತೆ ಕಾಣಿಸತೊಡಗಿತು. ತಾವು ಒಂದು ಪೆನ್ನಿಯನ್ನೂ ತೆಗೆದಿಲ್ಲವೆಂದು ಅವರು ಹೇಳಿದರು. ಯಂತ್ರ ತಪ್ಪುವುದಿಲ್ಲವೆಂದು ಇಲಾಖೆ ಹೇಳಿತು. ಇಂತಹ ದೂರು ನಿಮ್ಮದೊಬ್ಬರದೇ ಎಂದು ಅನೇಕರಿಗೆ ತಿಳಿಸಲಾಯಿತು. 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಮನೆ ಮಾರಿ ಕೊರತೆ ತುಂಬಿದವರಿದ್ದರು. 2010ರಲ್ಲಿ ಒಬ್ಬ ಗರ್ಭಿಣಿಯನ್ನು ಸೆರೆಮನೆಗೆ ಕಳುಹಿಸಲಾಯಿತು. ಅವರಲ್ಲಿ ನಮ್ಮ ಉಪಖಂಡದಿಂದ ಹೋದ ಕುಟುಂಬಗಳೂ ಬಹಳವಿದ್ದವು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನು ತಂದು ಆ ಶಿಕ್ಷೆಗಳನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು.

ಈ ಪ್ರಕರಣವನ್ನು ಓದಿದಾಗ ನನಗೆ ತೋಚಿದ್ದು ಇಷ್ಟು. ಅಲ್ಲಿ ಆಡಳಿತ ಬಲ್ಲ ಮ್ಯಾನೇಜರುಗಳಿಗೆ ಕೊರತೆಯಿರಲಿಲ್ಲ, ತಂತ್ರಜ್ಞರಿಗೂ ಇರಲಿಲ್ಲ. ಮ್ಯಾನೇಜರು ಯಂತ್ರದ ಒಳಗೆ ಇಣುಕಲಿಲ್ಲ. ಒಳಗನ್ನು ಕಂಡವರು ಲೆಕ್ಕದ ಪುಸ್ತಕದ ಆಚೆಗಿದ್ದ ಮನುಷ್ಯನನ್ನು ಕಾಣಲಿಲ್ಲ, ಅಥವಾ ಕಂಡದ್ದನ್ನು ಗಟ್ಟಿಯಾಗಿ ಹೇಳಲಿಲ್ಲ. ವರ್ಷಾನುವರ್ಷ ಪ್ರಾಮಾಣಿಕವಾಗಿ ಅಂಗಡಿ ನಡೆಸಿದ ಇಷ್ಟೊಂದು ಜನ ಕಂಪ್ಯೂಟರ್ ಬಂದೊಡನೆ ಒಟ್ಟಿಗೇ ಕಳ್ಳರಾದುದು ಹೇಗೆ? ಈ ಪ್ರಶ್ನೆ ಜಮಾ ಖರ್ಚನ್ನೂ ಪ್ರೋಗ್ರಾಮನ್ನೂ ಎರಡನ್ನೂ ಬಲ್ಲ ಒಬ್ಬನಿಗೆ ಸುಲಭವಾಗಿ ಹೊಳೆಯುತ್ತಿತ್ತು. ನಿಮ್ಮ ಮಗ ಅಂತಹವನಾಗಬಹುದು. ಆದರೆ ಆ ಪ್ರಶ್ನೆಯನ್ನು ಮೇಲಧಿಕಾರಿಯ ಮುಂದೆ ಎತ್ತಬೇಕಾದರೆ ಅವನ ಸ್ವಂತ ಕಡತದಲ್ಲಿ ಸುಳ್ಳು ಕಾಗದವಿರಬಾರದು. ತನ್ನದೇ ಗುಟ್ಟು ಬಯಲಾದೀತೆಂಬ ಅಂಜಿಕೆಯಿರುವವನು ಇನ್ನೊಬ್ಬನಿಗಾಗಿ ಬಾಯಿ ತೆರೆಯುವುದು ಕಷ್ಟ.

ಮನೆಯವರಾದ ನಾವು ಮಾಡಬೇಕಾದುದೂ ಇದೆ. ಸುಳ್ಳು ಕಾಗದ ಕೊಳ್ಳಲು ಹುಡುಗರನ್ನು ತಳ್ಳುವುದು ಕಂಪೆನಿಗಳಷ್ಟೇ ಅಲ್ಲ, ನಮ್ಮ ಮದುವೆ ಮಾತುಕತೆಗಳೂ ಹೌದು. ಬಯೋಡಾಟಾದಲ್ಲಿ ‘ಎಂ.ಬಿ.ಎ., ಮ್ಯಾನೇಜರ್’ ಎಂದು ಆಗಲೇ ಬರೆದು ಹಂಚಿದ್ದೇವೆ. ಈಗ ‘ತರಬೇತಿಯಲ್ಲಿದ್ದಾನೆ’ ಎನ್ನಲು ನಾಲಗೆ ತೊದಲುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೊಸದಾಗಿ ಕಲಿಯುವ ಮಾತೆತ್ತಿದರೆ ‘ವಯಸ್ಸು ಮೀರುತ್ತದೆ’ ಎಂಬ ಒಂದೇ ಉತ್ತರ. ಆ ಬಯೋಡಾಟಾವನ್ನು ಹರಿದು ಹೊಸದು ಬರೆಯಿರಿ. ಕೆಲಸ ಇಂತಹದು, ಹೊಸಬ, ಸಂಬಳ ಇಷ್ಟು, ಸಾಲ ಇಷ್ಟಿದೆ, ಇಂತಿಷ್ಟು ತಿಂಗಳಲ್ಲಿ ತೀರುತ್ತದೆ ಎಂದು ಬರೆಯಿರಿ. ಅದನ್ನು ಓದಿ ಕೆಲವರು ಚಹಾ ಕುಡಿಯದೆ ಎದ್ದು ಹೋಗಬಹುದು. ಇನ್ನು ಕೆಲವರು ಕುಳಿತೇ ಇದ್ದು, ಹುಡುಗ ಏನು ಕಲಿಯುತ್ತಿದ್ದಾನೆ ಎಂದು ಕೇಳಿಯಾರು.