ಚಿತ್ರವೂ ಚಿತ್ತವೂ

ಯಾರೂ ಇಲ್ಲದೆಡೆಯಲ್ಲಿ ಒಬ್ಬನಿಗೆ ಮಾತು ಕೇಳಿಸುತ್ತದೆ. ಸ್ಕಿಜೋಫ್ರೀನಿಯಾ ಎಂಬ ಚಿತ್ತರೋಗದ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ಬಳಿಯಲ್ಲಿರುವವರು 'ಅದು ಸುಳ್ಳು' ಎನ್ನುತ್ತಾರೆ. ಇಲ್ಲಿ ಸುಳ್ಳಾದುದು ಯಾವುದು? ಆ ಧ್ವನಿಯೋ, ಅದನ್ನು ಕೇಳಿದವನ ಅನುಭವವೋ? ಈ ವಿಚಾರಕ್ಕೆ ಹಿಂದೆ ತರ್ಕವೊಂದೇ ಆಧಾರವಾಗಿತ್ತು. ಈಗ ಮಿದುಳಿನ ಚಿತ್ರಗಳೂ ಸಾಕ್ಷಿ ನುಡಿಯುತ್ತಿವೆ.

1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಸಿ.ಟಿ. ಯಂತ್ರದಿಂದ ಪರೀಕ್ಷಿಸಿ, ಬಹುಕಾಲದ ರೋಗಿಗಳ ಮಿದುಳಿನೊಳಗಣ ದ್ರವಕುಹರಗಳು ಹಿಗ್ಗಿರುವುದನ್ನು ಕಂಡರು. 1993ರಲ್ಲಿ ಅದೇ ನಗರದಲ್ಲಿ ಫಿಲಿಪ್ ಮೆಗ್ವೈರ್ ಮೊದಲಾದವರು 12 ಮಂದಿ ರೋಗಿಗಳನ್ನು, ಧ್ವನಿ ಕೇಳಿಸುತ್ತಿರುವಾಗ ಒಮ್ಮೆಯೂ ಅದು ಅಡಗಿದ ಮೇಲೆ ಒಮ್ಮೆಯೂ ಪರೀಕ್ಷಿಸಿದರು. ಧ್ವನಿಯ ಸಮಯದಲ್ಲಿ, ಮಾತನ್ನು ಹೊರಡಿಸುವ ಬ್ರೋಕಾ ಪ್ರದೇಶದಲ್ಲಿ ರಕ್ತಸಂಚಾರವು ಹೆಚ್ಚಿತ್ತು. 1999ರಲ್ಲಿ ಜರ್ಮನಿಯ ವಿದ್ವಾಂಸರು ಮೂವರು ರೋಗಿಗಳಲ್ಲಿ, ಶಬ್ದವನ್ನು ಗ್ರಹಿಸುವ ಶ್ರವಣಕೇಂದ್ರವೂ ಆಗ ಎಚ್ಚೆತ್ತಿರುವುದನ್ನು ಎಂ.ಆರ್.ಐ. ಚಿತ್ರದಲ್ಲಿ ತೋರಿಸಿದರು. ರೋಗಿಯ ಒಳನುಡಿಯೇ ಅವನಿಗೆ ಪರರ ನುಡಿಯಾಗಿ ಕೇಳಿಸುತ್ತಿರಬಹುದೆಂದು ಕೆಲವರು ಊಹಿಸಿದ್ದಾರೆ.

ಹಗ್ಗದಲ್ಲಿ ಹಾವನ್ನು ಕಂಡವನ ದೃಷ್ಟಾಂತವು ಸುಪ್ರಸಿದ್ಧವಷ್ಟೆ. ಹಾವು ಮಿಥ್ಯೆಯಾದರೂ ಕಂಡವನ ನಡುಕವು ನಿಜವೇ. ಅಲ್ಲಿ ದೀಪವನ್ನು ತಂದೊಡನೆ ಭ್ರಮೆ ನೀಗುವುದು. ಈ ರೋಗಿಯ ಧ್ವನಿಯಾದರೋ ನಮ್ಮ ವಾದದಿಂದ ಅಡಗದು. ಆದುದರಿಂದ ಅವನನ್ನು ಸುಳ್ಳನೆಂದೂ ಹಟಮಾರಿಯೆಂದೂ ಜರೆಯುವುದು ಅನ್ಯಾಯ. ಮನೆಯವರನ್ನು ದೂಷಿಸುವುದೂ ಅಂತೆಯೇ. 1948ರಲ್ಲಿ ಅಮೆರಿಕದಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ವೈದ್ಯೆಯು, ಈ ರೋಗವನ್ನು ಹುಟ್ಟಿಸುವ ತಾಯಿ ಎಂಬರ್ಥದ ಪದವೊಂದನ್ನು ಬಳಕೆಗೆ ತಂದರು. ಎಷ್ಟೋ ತಾಯಂದಿರು ಆ ಕಳಂಕವನ್ನು ಹೊತ್ತು ಬಾಳಬೇಕಾಯಿತು. ಆ ಹೊರೆಯನ್ನು ಇಳಿಸುವುದರಲ್ಲಿ ಈ ಚಿತ್ರಗಳ ಪಾಲು ಅಲ್ಪವಲ್ಲ.

ಹಾಗೆಂದು ಚಿತ್ರವನ್ನೇ ಚಿತ್ತವೆಂದು ಬಗೆಯಲಾಗದು. ಕುಹರಗಳು ಎಲ್ಲ ರೋಗಿಗಳಲ್ಲಿಯೂ ಹಿಗ್ಗಿರುವುದಿಲ್ಲ. ಈ ರೋಗವಿಲ್ಲದ ಕೆಲವರಲ್ಲಿ ಹಿಗ್ಗಿರುವುದೂ ಉಂಟು. ಇಂದಿಗೂ ವೈದ್ಯರು ರೋಗಿಯನ್ನು ಮಾತನಾಡಿಸಿ, ಮನೆಯವರಿಂದ ವಿವರಗಳನ್ನು ಕೇಳಿ, ರೋಗವನ್ನು ನಿರ್ಣಯಿಸುತ್ತಾರೆ. ಯಂತ್ರವು ಧ್ವನಿಯ ನೆಲೆಯನ್ನು ತೋರೀತು. ಅದು ಏನೆಂದಿತು, ಅದರಿಂದ ಎಷ್ಟು ರಾತ್ರಿಗಳ ನಿದ್ರೆ ಕೆಟ್ಟಿತು ಎಂಬುದನ್ನು ಅವನೇ ಹೇಳಬೇಕು. ಜರೆಯುವವರ ಮುಂದೆ ಯಾರು ತಾನೆ ಮನಬಿಚ್ಚಿ ಹೇಳಿಯಾರು? 'ಅದು ನನಗೆ ಕೇಳಿಸುತ್ತಿಲ್ಲ. ನಿನಗೆ ಕೇಳಿಸುತ್ತಿದೆಯೆಂಬುದನ್ನು ನಂಬುತ್ತೇನೆ' ಎಂಬ ಮಾತಿನಲ್ಲಿ ಸತ್ಯಕ್ಕೆ ಲೋಪವಿಲ್ಲ, ದಯೆಗೂ ಕೊರತೆಯಿಲ್ಲ. ಮನೆಯವರು ಆಡಬೇಕಾದ ಮೊದಲ ಮಾತು ಇದೇ.